ದೇವರ ಕಟ್ಟೆಯೊಳಗಿನ ಉಸಿರು

ನಮ್ಮ ಹುಣಸೂರು ಕಡೆ ಹಳೇ ಮನೆ ಕೊಳ್ಳುವವರು ಪತ್ರ ನೋಡಲು ವಕೀಲರನ್ನು ಕರೆಸುತ್ತಾರೆ, ದಿಕ್ಕು ನೋಡಲು ವಾಸ್ತುವಿನವರನ್ನು ಕರೆಸುತ್ತಾರೆ, ಬೆಲೆ ಜಗ್ಗಾಡಲು ಬಾಯಿ ಜೋರಿರುವ ಭಾವಮೈದುನನನ್ನು ಕರೆಸುತ್ತಾರೆ. ಗೋಡೆ ನೋಡಲು ಮಾತ್ರ ಯಾರನ್ನೂ ಕರೆಸುವುದಿಲ್ಲ. ಕಣ್ಣೆದುರಿಗೇ ನಿಂತಿದೆಯಲ್ಲ, ಅದರಲ್ಲಿ ನೋಡುವುದೇನು ಎನ್ನುತ್ತಾರೆ. ಕಣ್ಣೆದುರಿಗೆ ನಿಂತಿರುವ ಗೋಡೆಯನ್ನು ನೋಡಿಯೇ ಹೊಟ್ಟೆ ಹೊರೆಯುವವಳು ನಾನು. ತೇವ ಅಳೆಯುವ ಮೀಟರು, ಸಣ್ಣ ಸುತ್ತಿಗೆ, ತೂಗುಗುಂಡು, ಉದ್ದನೆಯ ವೈರಿನ ತುದಿಗೆ ಕಡಲೆಕಾಳಿನಷ್ಟು ಕ್ಯಾಮೆರಾ, ಇಷ್ಟನ್ನು ಚೀಲಕ್ಕೆ ತುಂಬಿ ಸ್ಕೂಟರಿನಲ್ಲಿ ಹೊರಟರೆ ಊರವರು ಜಗಲಿಯ ಮೇಲೆ ಕೂತು ನಗುತ್ತಾರೆ. ನಗಲಿ. ಅನುಮಾನ ಪಡುವುದು ನನ್ನ ಹುಟ್ಟುಗುಣ. ಮದುವೆಗೆ ಮುಂಚೆ ನಮ್ಮಮ್ಮ ಅದಕ್ಕೆ ಬೈಯುತ್ತಿದ್ದಳು, ಈಗ ಜನ ಅದಕ್ಕೇ ಕಾಸು ಕೊಡುತ್ತಾರೆ.

ಆ ಬೇಸಿಗೆಯಲ್ಲಿ ನನಗೆ ಫೋನ್ ಮಾಡಿದವರು ಪಿರಿಯಾಪಟ್ಟಣದ ಕಡೆಯ ಒಂದು ಆಸ್ಪತ್ರೆಯ ನರ್ಸ್. ಗಂಡನ ಹೊಲದ ಅಂಚಿನಲ್ಲೇ ಒಂದು ಹಳೇ ಮನೆ ಮಾರಾಟಕ್ಕಿತ್ತು. ಮಣ್ಣಿನ ಗೋಡೆ, ಹೆಂಚಿನ ಮಾಡು, ಮುಂದೆ ಅಗಲವಾದ ಅಂಗಳ. ಗಂಡ ಆಗಲೇ ಮನಸ್ಸಿನಲ್ಲಿ ಅಲ್ಲಿ ಎಮ್ಮೆ ಕಟ್ಟಿಹಾಕಿದ್ದ. ಈಕೆ ಮಾತ್ರ ಪಟ್ಟು ಹಿಡಿದಿದ್ದರು.

"ಬೇರೇನೂ ಬೇಡ ಮೇಡಂ. ಮಳೇಲಿ ಆ ಗೋಡೆ ನಿಲ್ಲುತ್ತೋ ಇಲ್ವೋ, ಅಷ್ಟು ಹೇಳಿ" ಎಂದರು.

ಎಲ್ಲರೂ ಹೇಳುವ ಮಾತೇ ಎಂದುಕೊಂಡೆ. ಮೊದಲ ದಿನ ಅಂಗಳದಲ್ಲಿ ಭೇಟಿಯಾದಾಗ ಅದು ಎಲ್ಲರ ಮಾತಲ್ಲ ಎಂದು ಗೊತ್ತಾಯಿತು. ಒಳಗೆ ಕಾಲಿಟ್ಟವರೇ ಆಕೆ ಗೋಡೆಗೆ ಅಂಗೈ ಒತ್ತಿದರು. ಜ್ವರ ನೋಡುವವರ ಹಾಗೆ ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದು ಪಕ್ಕದ ಗೋಡೆಗೆ ಹೋದರು. ನಾನು ನೋಡುತ್ತಿರುವುದು ಕಂಡು ನಾಚಿ ಕೈ ಹಿಂದಕ್ಕೆ ತೆಗೆದರು. ಹಿಂದೊಂದು ಮಳೆಗಾಲದಲ್ಲಿ ಮನೆಗೋಡೆ ಬಿದ್ದು ಸಿಕ್ಕಿಕೊಂಡಿದ್ದ ತಾಯಿ ಮಗುವನ್ನು ಅವರ ಡ್ಯೂಟಿಯಲ್ಲಿ ಆಸ್ಪತ್ರೆಗೆ ತಂದಿದ್ದರಂತೆ. ಇಬ್ಬರೂ ಉಳಿಯಲಿಲ್ಲ. ಅಂದಿನಿಂದ ಮಳೆ ಬಂತೆಂದರೆ ಈಕೆ ಎದ್ದು ಕೂರುತ್ತಾರೆ. ಬಾಡಿಗೆ ಮನೆಯ ಸಿಮೆಂಟು ಗೋಡೆಯಾದರೂ ಅಷ್ಟೆ, ಮಳೆ ನಿಲ್ಲುವವರೆಗೂ ಗೋಡೆಗೆ ಕೈ ಇಟ್ಟುಕೊಂಡೇ ಕೂತಿರುತ್ತಾರೆ. ಅದನ್ನು ಹೇಳುವಾಗ ಅವರ ದನಿ ಸಣ್ಣಗಾಯಿತು. ನಾನು ಏನು ಬರೆದುಕೊಡುತ್ತೇನೋ ಅದರ ಮೇಲೆ ಈ ಹೆಂಗಸಿನ ಮಳೆಗಾಲದ ನಿದ್ದೆ ನಿಂತಿದೆ ಎಂದು ತಿಳಿದ ಮೇಲೆ ಚೀಲದ ಜಿಪ್ಪು ತೆಗೆಯುವ ಕೈ ನಿಧಾನವಾಯಿತು.

ಮನೆ ಮಾರುವವರು ವಯಸ್ಸಾದ ರೈತರು. ಊರಲ್ಲಿ ಎಲ್ಲರೂ ಯಜಮಾನ್ರು ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ರಸ್ತೆ ಬದಿಯಲ್ಲಿ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಪಕ್ಕದಲ್ಲೇ ತಾರಸಿ ಮನೆ ಕಟ್ಟಿಸಿಕೊಂಡು ಖುಷಿಯಾಗಿದ್ದರು.

"ಬನ್ನಿ ಇಂಜಿನಿಯರಮ್ಮ, ಗ್ವಾಡೆ ನೋಡಕ್ಕೆ ಬಂದ್ರಾ? ನೋಡಿ ನೋಡಿ. ನಮ್ಮ ತಾತನ ಕಾಲ್ದಿಂದ್ಲೂ ಎಲ್ಲೂ ಓಡೋಗಿಲ್ಲ, ಅಲ್ಲೇ ಅದೆ" ಎಂದರು.

ನನ್ನ ಕೆಲಸ ಯಾವಾಗಲೂ ಮಾಡಿನಿಂದ ಶುರು. ಏಣಿ ಹಾಕಿ ಅಟ್ಟ ಹತ್ತಿ, ತೊಲೆ ಜಂತೆಗಳಿಗೆಲ್ಲ ಸ್ಕ್ರೂಡ್ರೈವರಿನಿಂದ ಚುಚ್ಚುತ್ತಾ ಹೋದೆ. ಗೆದ್ದಲು ತಿಂದ ಮರವಾದರೆ ಚೂಪು ತುದಿ ಬೆಣ್ಣೆಗೆ ಇಳಿದಂತೆ ಇಳಿಯುತ್ತದೆ. ಇಲ್ಲಿ ಎಲ್ಲೂ ಇಳಿಯಲಿಲ್ಲ. ಹೊನ್ನೆ ಮರ, ಯಾವ ಕಾಲದಲ್ಲೋ ಕಾಕನಕೋಟೆ ಕಡೆಯಿಂದ ಗಾಡಿಯಲ್ಲಿ ಬಂದದ್ದಂತೆ. ಒಡೆದ ಕೆಲವು ಹೆಂಚು ಬಿಟ್ಟರೆ ಮಾಡಿಗೆ ದೋಷವಿರಲಿಲ್ಲ. ಕೆಳಗಿಳಿದು ಗೋಡೆಗಳಿಗೆ ತೂಗುಗುಂಡು ಬಿಟ್ಟೆ. ಮಣ್ಣು ತುಳಿದು ಮುದ್ದೆಯ ಮೇಲೆ ಮುದ್ದೆ ಇಟ್ಟು ಎಬ್ಬಿಸಿದ ಗೋಡೆ, ಮೊಳಕ್ಕಿಂತ ದಪ್ಪ. ದಾರ ಮೇಲಿನಿಂದ ಕೆಳಗಿನವರೆಗೂ ಗೋಡೆಯ ಮಗ್ಗುಲಲ್ಲಿ ಒಂದೇ ಅಂತರದಲ್ಲಿ ನಿಂತಿತು. ಭೇರ್ಯದ ಕಡೆ ಮೊನ್ನೆ ಮೊನ್ನೆ ಕಟ್ಟಿದ ಸಿಮೆಂಟು ಇಟ್ಟಿಗೆಯ ಗೋಡೆಗಳೇ ಇಷ್ಟು ನೆಟ್ಟಗಿರುವುದನ್ನು ನಾನು ಕಂಡಿರಲಿಲ್ಲ. ಹಿತ್ತಿಲ ಮೂಲೆಯಲ್ಲಿ ಮಾತ್ರ ಮೀಟರು ಕಿರುಗುಟ್ಟಿತು. ಆ ಗೋಡೆಗೆ ಸಿಮೆಂಟು ಬಳಿದು, ಅದಕ್ಕೆ ಆತು ಈಚೆಗೆ ಬಚ್ಚಲುಮನೆ ಕಟ್ಟಿದ್ದರು, ಅದರ ನೀರು ಗೋಡೆಯ ಬುಡಕ್ಕೇ ಹೋಗುತ್ತಿತ್ತು. ಇದು ಸಾಮಾನ್ಯ ತಪ್ಪು, ಸರಿಮಾಡಬಹುದು ಎಂದು ಗುರುತು ಹಾಕಿಕೊಂಡೆ.

ಮನೆಯ ಹೊರಗೆ ಸುತ್ತು ಹಾಕುವಾಗ ಪೈಪು ಕಂಡಿತು. ದೇವರ ಕೋಣೆಯ ಗೋಡೆಯಿಂದ, ನೆಲದಿಂದ ಗೇಣೆತ್ತರದಲ್ಲಿ, ಬಿಳಿ ಪಿವಿಸಿ ಪೈಪಿನ ತುಂಡೊಂದು ಹೊರಗೆ ಮೂತಿ ಚಾಚಿತ್ತು. ದೇವರ ಕೋಣೆಗೆ ನೀರಿಲ್ಲ, ಬಚ್ಚಲಿಲ್ಲ. ಮತ್ತೆ ಪೈಪು ಯಾಕೆ? ಪೈಪಿನ ಕೆಳಗೆ ಗೋಡೆಯ ಮೇಲೆ ಅರಿಶಿನ ಒರೆಸಿದ ಕಲೆ ಬೇರೆ. ನನ್ನ ಹುಟ್ಟುಗುಣ ಎದ್ದು ಕೂತಿತು.

"ಇದೇನು ಯಜಮಾನ್ರೇ?"

"ಅದಾ... ಗಾಳಿಗೆ ಕಣವ್ವ" ಎಂದು ಅವರು ಬೇಲಿಯ ಕಡೆ ತಿರುಗಿ ಇಲ್ಲದ ಕೋಳಿಯನ್ನು ಓಡಿಸತೊಡಗಿದರು.

ಪೈಪಿನ ಬಾಯಿಗೆ ಕೈ ಒಡ್ಡಿದೆ. ಗಾಳಿ ಬರುತ್ತಿತ್ತು. ಹೊರಗಿನಿಂದ ಒಳಗೆ ಹೋಗುವುದಲ್ಲ, ಒಳಗಿನಿಂದ ಹೊರಗೆ. ತೆಳ್ಳಗೆ, ತೇವವಾಗಿ, ಮಳೆ ಬಿದ್ದ ಮಣ್ಣಿನ ವಾಸನೆಯ ಜೊತೆಗೆ ಅಣಬೆಯ ವಾಸನೆ ಬೆರೆಸಿಕೊಂಡು ಬರುತ್ತಿತ್ತು. ತಾಪ ಅಳೆಯುವ ಮೀಟರು ತಂದು ಹಿಡಿದೆ. ಬೇಸಿಗೆಯ ಬಿಸಿಲು ಏರುತ್ತಿದ್ದಂತೆ ಅಂಗಳದಲ್ಲಿ ಮೀಟರೂ ಏರುತ್ತಾ ಹೋಯಿತು. ಪೈಪಿನ ಬಾಯಲ್ಲಿ ಮಾತ್ರ, ಬೆಳಿಗ್ಗೆ ಹಿಡಿದಾಗ ಎಷ್ಟಿತ್ತೋ ಮಧ್ಯಾಹ್ನವೂ ಅಷ್ಟೇ. ಯಂತ್ರ ಕೆಟ್ಟಿದೆಯೇನೋ ಎಂದು ಎರಡು ಸಲ ಬ್ಯಾಟರಿ ತೆಗೆದು ಹಾಕಿದೆ.

ಕ್ಯಾಮೆರಾ ಇಳಿಸಿದೆ. ಒಳಗೆ ಹೋದ ಕೂಡಲೇ ಅದರ ಕಣ್ಣು ಮಬ್ಬಾಯಿತು. ಒಳಗಿನ ಹಬೆ ಗಾಜಿನ ಮೇಲೆ ಕೂತಿತ್ತು. ಹೊರಗೆ ತೆಗೆದು ಒರೆಸಿ ಮತ್ತೆ ಇಳಿಸಿದರೂ ಅದೇ ಕಥೆ. ಮೂರನೆಯ ಸಲ ಅವಸರ ಮಾಡದೆ ಕ್ಯಾಮೆರಾವನ್ನು ಪೈಪಿನೊಳಗೇ ಬಿಟ್ಟು, ಅದು ಅಲ್ಲಿನ ಹವೆಗೆ ಹೊಂದಿಕೊಳ್ಳಲಿ ಎಂದು ಕಾದೆ. ಆಮೇಲೆ ಫೋನಿನ ಪರದೆ ತಿಳಿಯಾಯಿತು. ಪೈಪಿನ ಆಚೆ ಬಾಯಿಯನ್ನು ಯಾರೋ ಹಸಿ ಮಣ್ಣಿನಿಂದ ಮೆತ್ತಿ ಮುಚ್ಚಿದ್ದರು, ಮಧ್ಯದಲ್ಲಿ ಕಿರುಬೆರಳು ತೂರುವಷ್ಟು ತೂತು ಬಿಟ್ಟು. ಮಣ್ಣು ಇನ್ನೂ ಒದ್ದೆ. ಇದು ಗಾರೆಯವನ ಕೈಕೆಲಸವಲ್ಲ ಎಂದು ನೋಡಿದ ತಕ್ಷಣ ತಿಳಿಯಿತು.

ದೇವರ ಕೋಣೆಗೆ ಹೋದೆ. ಗೋಡೆಗೆ ಆತು ಮಂಡಿಯೆತ್ತರದ ಕಟ್ಟೆ, ಮೇಲೆ ಗ್ರಾನೈಟ್ ಕಲ್ಲು, ಕಲ್ಲಿನ ಮೇಲೆ ದೇವರ ಪಟಗಳು. ಪಟ ಸರಿಸಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ. ಯಜಮಾನರು ಬಾಗಿಲಲ್ಲಿ ನಿಂತಿದ್ದರು, ಮುಖ ಬಾಡಿತ್ತು.

"ಉತ್ತ ಕಣವ್ವ" ಎಂದರು ಕೊನೆಗೆ. "ನಮ್ಮಪ್ಪನ ಕಾಲ್ದಿಂದ ತನಿ ಎರ್ದಿರೋ ಉತ್ತ. ಕ್ವಾಣೆ ಒಳ್ಗೇ ಬೆಳ್ಕತ್ತು, ನಾವೂ ಬುಟ್ವು. ಈಗ ಮನೆ ಮಾರ್ಬೇಕು ಅಂದ್ರೆ, ಉತ್ತ ಕಂಡೋರು ಎದರ್ಕಂಡು ವೋಯ್ತಾರೆ. ಒಡ್ಸುಬುಡು ಅಂದ್ರು ಎಲ್ಲಾ. ಆರೆ ಇಡ್ಕಂಡು ಒಳಕ್ಕೋದೆ, ಕೈ ಬರ್ನಿಲ್ಲ. ಅದ್ಕೆ ಸುತ್ತ ಇಟ್ಗೆ ಕಟ್ಟಿ ಕಲ್ಲು ಮುಚ್ದೆ. ಪಾಪ, ಉಸುರು ಕಟ್ಬಾರ್ದಲ್ಲ ಅಂತ ಒಂದು ಪೈಪ್ ಬುಟ್ಟೆ."

ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಹುತ್ತ ಬಚ್ಚಿಟ್ಟು ಮನೆ ಮಾರುವ ಮನುಷ್ಯ, ಅದಕ್ಕೆ ಉಸಿರಾಡಲು ದಾರಿ ಬಿಟ್ಟು ತನ್ನ ಗುಟ್ಟನ್ನು ತಾನೇ ಗೋಡೆಯಾಚೆ ಚಾಚಿ ಇಟ್ಟಿದ್ದರು. ಕಲ್ಲು ತೆಗೆದು ನೋಡಲೇಬೇಕು ಎಂದೆ. ಆಗುವುದೇ ಇಲ್ಲ ಎಂದರು. ಇವತ್ತು ವಾರ ಸರಿಯಿಲ್ಲ, ಮೈಲಿಗೆಯಲ್ಲಿ ಮುಟ್ಟಬಾರದು, ಸುಮ್ಮನೆ ಇರುವುದನ್ನು ಕೆಣಕಬಾರದು. ನರ್ಸ್ ಗಂಡನೂ ಅವರ ಜೊತೆ ಸೇರಿಕೊಂಡ. "ಬುಡಿ ಮೇಡಂ, ದೇವ್ರ ವಿಚಾರ" ಎಂದ.

ನಾನು ಅಂಗಳಕ್ಕೆ ಬಂದು ನರ್ಸಿಗೆ ಎಲ್ಲ ಹೇಳಿದೆ. ಮುಚ್ಚಿಡುವುದು ನನ್ನ ಕೆಲಸವಲ್ಲ. ಹುತ್ತವಿದೆ, ಹಾವೂ ಇರಬಹುದು ಎಂದೆ.

"ಹಾವು ಕಡಿದವರನ್ನ ಎಷ್ಟೋ ಸಲ ಉಳಿಸಿಕೊಂಡಿದ್ದೀವಿ ಮೇಡಂ. ಅದಕ್ಕೆ ಔಷಧಿ ಇದೆ" ಎಂದರು ಆಕೆ. "ಗೋಡೆ ವಿಷಯ ಹೇಳಿ."

ಗೋಡೆಯ ವಿಷಯ ನನಗೆ ಹೇಳಲು ಬರಲಿಲ್ಲ. ಹುತ್ತವೆಂದರೆ ನೆಲದ ಮೇಲೆ ಕಾಣುವ ಗೋಪುರವಷ್ಟೇ ಅಲ್ಲ, ನೆಲದ ಕೆಳಗೆ ಅದಕ್ಕಿಂತ ದೊಡ್ಡ ಟೊಳ್ಳು. ಆ ಟೊಳ್ಳು ಗೋಡೆಯ ತಳಪಾಯದ ಕೆಳಗೆ ಹೋಗಿದ್ದರೆ ಒಂದು ದೊಡ್ಡ ಮಳೆ ಸಾಕು. ನಮ್ಮ ಪುಸ್ತಕದ ಪ್ರಕಾರ ಬರೆಯುವುದಾದರೆ ಒಂದೇ ಸಾಲು: ಮನೆಯೊಳಗೆ ಜೀವಂತ ಗೆದ್ದಲುಗೂಡಿದೆ, ಔಷಧಿ ಹೊಡೆದು ನಾಶಮಾಡಿ, ಇಲ್ಲವೇ ಕೊಳ್ಳಬೇಡಿ. ಬರೆದು ಸಹಿ ಹಾಕಿ ಸಂಜೆಯೊಳಗೆ ಹುಣಸೂರು ಸೇರಬಹುದಿತ್ತು. ಆದರೆ ಆ ತೂಗುಗುಂಡಿನ ದಾರ ಕಣ್ಣ ಮುಂದಿನಿಂದ ಹೋಗಲೊಲ್ಲದು. ಕೆಳಗೆ ಟೊಳ್ಳಿದ್ದರೆ ಗೋಡೆ ಇಷ್ಟು ವರ್ಷ ಅಷ್ಟು ನೆಟ್ಟಗೆ ಹೇಗೆ ನಿಂತಿತು? ಕಲ್ಲು ಎತ್ತಿಸದೆ ವರದಿ ಕೊಡುವುದಿಲ್ಲ ಎಂದು ಹೇಳಿ ಬರಿಗೈಯಲ್ಲಿ ವಾಪಸು ಹೊರಟೆ.

ವರದಿಯಿಲ್ಲದೆ ನರ್ಸ್ ಮನೆ ಕೊಳ್ಳುವುದಿಲ್ಲವೆಂದು ಗೊತ್ತಾಗಿ ಯಜಮಾನರೇ ಮುಂದಿನ ಸೋಮವಾರ ಬರಹೇಳಿದರು. ಹೋದಾಗ ಕೋಣೆ ಸಾರಿಸಿಯಾಗಿತ್ತು, ಅವರು ಸ್ನಾನ ಮಾಡಿ ಒದ್ದೆ ಪಂಚೆಯಲ್ಲೇ ನಿಂತಿದ್ದರು. ಗ್ರಾನೈಟಿನ ಮೇಲೆ ಹೂವಿಟ್ಟು, ಅಂಚಿನಲ್ಲಿ ಒಂದು ಹನಿ ಹಾಲು ಬಿಟ್ಟು, "ತೆಗೀತಿದೀವಿ ಕಣಪ್ಪ, ಸಿಟ್ಟಾಗ್ಬ್ಯಾಡ. ನೋಡಿ ಮುಚ್ಬುಡ್ತೀವಿ" ಎಂದು ದೊಡ್ಡ ದನಿಯಲ್ಲೇ ಹೇಳಿದರು. ಕರೆಸಿದ್ದ ಗಾರೆಯವನು ಹಾರೆಯಿಂದ ಅಂಚು ಬಿಡಿಸಿ, ಎರಡು ಮಾರು ಹಿಂದೆ ಸರಿದು ನಿಂತುಬಿಟ್ಟ. ನರ್ಸ್ ಗಂಡನ ಕಡೆ ನೋಡಿದೆ, ಅವನು ಮಾಡಿನ ಹೆಂಚು ಎಣಿಸುತ್ತಿದ್ದ. ಕೊನೆಗೆ ಆ ಕಡೆ ಯಜಮಾನರು, ಈ ಕಡೆ ನಾನು ಮತ್ತು ನರ್ಸ್ ಹಿಡಿದು ಕಲ್ಲನ್ನು ಪಕ್ಕಕ್ಕೆ ಜರುಗಿಸಿದೆವು.

ಯಜಮಾನರು ಮುಚ್ಚಿದಾಗ ಹುತ್ತ ಕಟ್ಟೆಯ ಅರ್ಧದಷ್ಟಿತ್ತಂತೆ. ಈಗ ಕಟ್ಟೆಯ ತುಂಬ ಹುತ್ತವೇ. ನಾಲ್ಕೂ ಮೂಲೆಗೆ ಅಚ್ಚು ಹಾಕಿದಂತೆ ತುಂಬಿಕೊಂಡು, ಮೇಲಿನ ಕಲ್ಲಿಗೆ ತಾಗಿದ ಕಡೆ ಮೇಜಿನ ಹಾಗೆ ಚಪ್ಪಟೆಯಾಗಿ ನಿಂತಿತ್ತು. ಕಲ್ಲಿಗೂ ಅದಕ್ಕೂ ನಡುವೆ ಹುಲ್ಲುಕಡ್ಡಿ ತೂರಲು ಜಾಗವಿರಲಿಲ್ಲ. ಪೈಪಿನ ಕಡೆಗೆ ಒಂದು ಕೊಳವೆ ತಾನಾಗಿ ಬಾಗಿ ಹೋಗಿ ಸರಿಯಾಗಿ ಪೈಪಿನ ಬಾಯಿಗೇ ಕೂಡಿಕೊಂಡಿತ್ತು. ಯಜಮಾನರು ಕರುಣೆಯಿಂದ ಬಿಟ್ಟ ಪೈಪು ಗೆದ್ದಲುಗಳಿಗೆ ದೊಡ್ಡದಾಗಿತ್ತು. ತಮಗೆ ಎಷ್ಟು ಗಾಳಿ ಬೇಕೋ ಅಷ್ಟೇ ತೂತು ಉಳಿಸಿ ಮಿಕ್ಕಿದ್ದನ್ನು ಮೆತ್ತಿದ್ದವು. ಕಣ್ಣಿಲ್ಲದ ಹುಳುಗಳು ಕತ್ತಲೆಯಲ್ಲಿ ಮಾಡಿದ ಕೆಲಸವದು. ನನ್ನ ಓದೂ ಮೀಟರೂ ಎಲ್ಲ ಮರೆತು ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ.

ಒಂದು ಕೊಳವೆಯಲ್ಲಿ ಕ್ಯಾಮೆರಾ ಬಿಟ್ಟು, ಮಬ್ಬು ಕರಗಲು ಕಾದು, ಮೆಲ್ಲಗೆ ಇಳಿಸಿದೆ. ವೈರು ಇಳಿಯುತ್ತಲೇ ಹೋಯಿತು. ಕಟ್ಟೆ ದಾಟಿ, ನೆಲ ದಾಟಿ, ಇನ್ನೂ ಕೆಳಗೆ. ನುಣ್ಣಗೆ ಸಾರಿಸಿದಂಥ ಗೋಡೆಗಳು, ಕಮಾನುಗಳು, ಕಮಾನಿನಾಚೆ ಕೋಣೆ, ಕೋಣೆಯ ತುಂಬ ಗೆದ್ದಲು ತಮ್ಮ ಊಟಕ್ಕೆ ಬೆಳೆಸುವ ಬೂದು ಬಣ್ಣದ ತೂತುತೂತಿನ ಅಣಬೆಯ ತೋಟ, ಅದರ ಮೇಲೆ ಸಾಬಕ್ಕಿ ಉದುರಿಸಿದ ಹಾಗೆ ಬಿಳಿ ಬಿಳಿ ಕಾಳು. ಬೆಳಕು ಬಿದ್ದ ಕಡೆ ಹುಳುಗಳು ಒಂದು ಗಳಿಗೆ ಚೆದುರಿ ಮತ್ತೆ ಕೆಲಸಕ್ಕೆ ಹತ್ತಿದವು. ಫೋನಿನ ಸುತ್ತ ನಾವೆಲ್ಲ ತಲೆಗೆ ತಲೆ ತಾಗಿಸಿ ನಿಂತಿದ್ದೆವು. ಗಾರೆಯವನೂ ಯಾವ ಮಾಯದಲ್ಲೋ ಬಂದು ಸೇರಿಕೊಂಡಿದ್ದ.

"ನಾಗಪ್ಪ ಎಲ್ಲವ್ವಾ?" ಎಂದು ಯಜಮಾನರು ಪಿಸುಗುಟ್ಟಿದರು.

"ಎಲ್ಲೂ ಕಾಣ್ತಿಲ್ಲ ಯಜಮಾನ್ರೇ. ಇವೇ ಇರೋದು."

ಅವರು ಬಹಳ ಹೊತ್ತು ಪರದೆ ನೋಡಿದರು. ಹುಟ್ಟಿದಾಗಿನಿಂದ ತನಿ ಎರೆದ ಜಾಗದ ಒಳಗನ್ನು ಮೊದಲ ಸಲ ನೋಡುತ್ತಿದ್ದರು. ಬೇಜಾರಾಯಿತೇನೋ ಎಂದು ನನಗೆ ಅಳುಕಾಯಿತು.

"ಇರ್ಲಿ ಬುಡಿ" ಎಂದರು ಕೊನೆಗೆ, ಕಣ್ಣು ತುಂಬಿಕೊಂಡು. "ಇಷ್ಟು ದೊಡ್ಡ ಸಂಸಾರ ನಮ್ಮನೇಲಿತ್ತಾ? ಎರ್ದಿದ್ದು ಯಾರ್ಗೋ ಒಬ್ರಿಗೆ ಮುಟ್ತಲ್ಲ."

ಅಚ್ಚರಿಪಟ್ಟದ್ದು ಸಾಕು, ಗೋಡೆಗೆ ಬರಬೇಕಿತ್ತು. ಹೊರಗೆ ಆ ಕೋಣೆಯ ಗೋಡೆಯ ಮಗ್ಗುಲಲ್ಲಿ ಗುಂಡಿ ತೋಡಿಸಿದೆ. ಮೇಲಿನ ಮಣ್ಣು ಸುಲಭವಾಗಿ ಬಂತು. ಕೆಳಗೆ ಹೋದಂತೆ ಹಾರೆ ಠಣ್ಣೆಂದು ಹಿಂದಕ್ಕೆ ಎಗರತೊಡಗಿತು. ಕಾಡುಕಲ್ಲಿನ ತಳಪಾಯ ಕಂಡಿತು. ಹಿಂದಿನವರು ಕಲ್ಲುಗಳನ್ನು ಬರೀ ಮಣ್ಣಿನಲ್ಲಿ ಕೂರಿಸಿದ್ದರು, ಸಂದುಗಳು ಸಡಿಲವಾಗಿರಬೇಕಿತ್ತು. ಒಂದು ಸಂದೂ ಸಡಿಲವಿರಲಿಲ್ಲ. ಕಲ್ಲಿಗೂ ಕಲ್ಲಿಗೂ ನಡುವೆ ಅದೇ ನುಣ್ಣನೆಯ ಮಣ್ಣು ತುಂಬಿ ಗಟ್ಟಿಯಾಗಿತ್ತು. ಉಗುರು ಇಳಿಯಲಿಲ್ಲ, ಸ್ಕ್ರೂಡ್ರೈವರ್ ಕಷ್ಟಪಟ್ಟು ಗೀರಿತು ಅಷ್ಟೆ. ಉದ್ದದ ಕಬ್ಬಿಣದ ಸರಳನ್ನು ಓರೆಯಾಗಿ ತಳಪಾಯದ ಕೆಳಗೆ ಅಲ್ಲಲ್ಲಿ ಹೊಡೆಸಿ ನೋಡಿದೆ. ಎಲ್ಲೂ ಟೊಳ್ಳಿಗೆ ಬೀಳಲಿಲ್ಲ. ಗೂಡಿನ ಕೋಣೆಗಳೆಲ್ಲ ಮನೆಯ ನಡುನೆಲದ ಕೆಳಗೆ ಹರಡಿದ್ದವು; ಗೋಡೆಯ ಹತ್ತಿರ ಬಂದ ಕಡೆ ಹುಳುಗಳು ಕೊರೆದಿರಲಿಲ್ಲ, ತುಂಬಿದ್ದವು. ಯಾಕೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಕಲ್ಲಿನ ಸಂದಿನಿಂದ ಬರುವ ಹೊರಗಾಳಿ ಅವಕ್ಕೆ ಬೇಡವಾಗಿತ್ತೋ ಏನೋ.

ನರ್ಸ್ ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದೊಂದನ್ನೂ ನೋಡುತ್ತಿದ್ದರು. "ಕಲ್ಲು ಸರಿ ಮೇಡಂ. ಮೇಲಿರೋದು ಮಣ್ಣೇ ಅಲ್ವಾ? ನೀರು ಬಿದ್ರೆ ಕರಗಲ್ವಾ?"

ಯಜಮಾನರ ಮನೆಯಿಂದ ಎರಡು ಗಾಜಿನ ಲೋಟ ತರಿಸಿ ನೀರು ತುಂಬಿದೆ. ಒಂದಕ್ಕೆ ಹೊಲದ ಒಣ ಹೆಂಟೆ ಹಾಕಿದೆ. ಇನ್ನೊಂದಕ್ಕೆ ಗೋಡೆಯ ಒಳಮೈಯಿಂದ ಬಿಡಿಸಿದ ಅಷ್ಟೇ ಗಾತ್ರದ ಚೂರು. ಹೊಲದ ಹೆಂಟೆ ನಾವು ನೋಡುತ್ತಿದ್ದಂತೆಯೇ ಗುಳುಗುಳು ಗುಳ್ಳೆ ಬಿಟ್ಟು ಕುಸಿದು ಕೆಸರಾಯಿತು. ಗೋಡೆಯ ಚೂರು ಹಾಗೇ ಕೂತಿತ್ತು. ಊಟಕ್ಕೆ ಎದ್ದೆವು. ಯಜಮಾನರ ಹೊಸ ಮನೆಯಲ್ಲಿ ಮುದ್ದೆ, ಹುರುಳಿ ಸಾರು. ನರ್ಸ್ ಅಲ್ಲಿಗೂ ಆ ಲೋಟ ಹಿಡಿದುಕೊಂಡು ಬಂದು ತಟ್ಟೆಯ ಪಕ್ಕದಲ್ಲಿಟ್ಟುಕೊಂಡರು. ಊಟ ಮುಗಿದರೂ ಚೂರಿನ ಅಂಚು ಮಾಸಿರಲಿಲ್ಲ, ನೀರು ಕದಡಿರಲಿಲ್ಲ.

"ಕರ್ಗಕ್ಕಿಲ್ಲ ಕಣ್ ನರ್ಸಮ್ಮ" ಎಂದರು ಯಜಮಾನರು ಕೈ ತೊಳೆಯುತ್ತಾ. "ನಮ್ಮ ತಾತ ಆಗ ಸುತ್ತ ಕಾಡ್ನಲ್ಲಿದ್ದ ಪಾಳು ಉತ್ತದ ಮಣ್ಣು ಗಾಡೀಲಿ ಏರ್ಸಿ, ಅದ್ನೇ ಕಲ್ಸಿ ತುಳ್ದು ಗ್ವಾಡೆ ಇಟ್ಟಿದ್ದಂತೆ. ಬರೀ ಮಣ್ಣಲ್ಲ ಅದು."

ನಾನು ಕೈಯಲ್ಲಿದ್ದ ನೀರಿನ ಚೊಂಬು ಹಾಗೇ ಹಿಡಿದು ನಿಂತೆ. ಗೆದ್ದಲು ಕಚ್ಚಿ ಎಂಜಲಲ್ಲಿ ಕಲಸಿದ ಮಣ್ಣಿನಿಂದ ಕಟ್ಟಿದ ಗೋಡೆ. ಆ ಗೋಡೆಯ ಬುಡಕ್ಕೆ ಮತ್ತೆ ಗೆದ್ದಲೇ ಬಂದು ಸಂದು ತುಂಬಿ ಗಟ್ಟಿ ಮಾಡಿದೆ. ಮನೆಗೆ ಹುತ್ತ ಹೊಕ್ಕಿದೆ ಎಂದು ನಾನು ಅಂದುಕೊಂಡಿದ್ದೆ. ಇಡೀ ಮನೆಯೇ ಹುತ್ತದ್ದಾಗಿತ್ತು. ಎಷ್ಟೋ ಗೋಡೆಗಳನ್ನು ತಟ್ಟಿ ನೋಡಿದ್ದೇನೆ, ಯಾವ ಗೋಡೆಯ ಮುಂದೆಯೂ ಕೈ ಮುಗಿಯಬೇಕು ಅನ್ನಿಸಿರಲಿಲ್ಲ. ಅವತ್ತು ಅನ್ನಿಸಿತು, ಯಾರೂ ನೋಡದಾಗ ಮುಗಿದೆ.

ವರದಿ ಬರೆಯಲು ಕೂತಾಗ ತೀರ್ಮಾನ ಮಾಡಬೇಕಾದ್ದು ಒಂದೇ ಇತ್ತು. ಔಷಧಿ ಹೊಡೆಸಿ ಹುಳು ಕೊಂದರೆ ಏನಾಗುತ್ತದೆ? ಬದುಕಿರುವ ಗೂಡನ್ನು ಅವು ದಿನಾ ರಿಪೇರಿ ಮಾಡುತ್ತವೆ. ಸತ್ತ ಗೂಡು ನಡುನೆಲದ ಕೆಳಗೆ ಬರೀ ಪೊಳ್ಳಾಗಿ ಉಳಿಯುತ್ತದೆ; ನೀರು ಹೊಕ್ಕರೆ ಕುಸಿಯುತ್ತದೆ, ಗೋಡೆಗೂ ಅಲ್ಲಿಂದಲೇ ಕೇಡು ಶುರು. ಆದ್ದರಿಂದ ಪುಸ್ತಕದ ಸಾಲು ಬಿಟ್ಟು ನಾನೇ ಬೇರೆ ಬರೆದೆ: ಹುತ್ತವನ್ನು ಕೊಲ್ಲಬೇಡಿ, ಒಡೆಯಬೇಡಿ. ಕಟ್ಟೆಯ ಕಲ್ಲನ್ನು ಬೇಕೆಂದಾಗ ತೆಗೆದು ನೋಡುವಂತೆ ಇಡಿ. ಪ್ರತಿ ವರ್ಷ ಮಾಡಿನ ಮರಕ್ಕೆ ಗೆದ್ದಲಿನ ಮಣ್ಣಿನ ಗೆರೆ ಹತ್ತಿದೆಯೇ ನೋಡಿಸಿ. ಈ ಮನೆಯ ನಿಜವಾದ ಶತ್ರು ಹಿತ್ತಿಲ ಬಚ್ಚಲು. ಎಂಥ ಮಣ್ಣಾದರೂ ದಿನವೂ ನೆಂದರೆ ಸೋಲುತ್ತದೆ. ಮಳೆಗಾಲಕ್ಕೆ ಮುಂಚೆ ಅದನ್ನು ಕೆಡವಿ ದೂರ ಕಟ್ಟಿಸಿ, ಆ ಮೂಲೆಯ ಸಿಮೆಂಟು ಕಿತ್ತು ಗೋಡೆ ಒಣಗಲು ಬಿಡಿ, ಸೂರನ್ನು ಒಂದು ಮೊಳ ಮುಂದಕ್ಕೆ ಚಾಚಿಸಿ.

ನರ್ಸ್ ವರದಿಯನ್ನು ಮೊದಲಿನಿಂದ ಕೊನೆಯವರೆಗೂ ಓದಿ ಮಡಚಿದರು.

"ಇದೆಲ್ಲ ಸರಿ ಮೇಡಂ. ಜೋರು ಮಳೇಲಿ ಈ ಮನೇಲಿ ನೀವು ಮಲಗ್ತೀರಾ?"

ನನ್ನನ್ನು ಯಾರೂ ಹೀಗೆ ಕೇಳಿರಲಿಲ್ಲ. ವರದಿಯ ಕೊನೆಯಲ್ಲಿ ನಾವು ಯಾವಾಗಲೂ ಒಂದು ಜಾರಿಕೊಳ್ಳುವ ಸಾಲು ಬರೆದಿರುತ್ತೇವೆ, ತಪಾಸಣೆಯ ದಿನದ ಸ್ಥಿತಿಗೆ ಮಾತ್ರ ಸೀಮಿತ ಅಂತ. ಆಕೆಯ ಮುಖ ನೋಡಿಕೊಂಡು ಆ ಸಾಲು ಹೇಳಲಾಗಲಿಲ್ಲ.

"ಬಚ್ಚಲು ಕೆಡವಿಸಿದ ಮೇಲೆ, ಮಲಗ್ತೀನಿ" ಎಂದೆ.

ಮನೆ ಅವರದಾಯಿತು. ಬಚ್ಚಲು ದೂರ ಹೋಯಿತು, ಸೂರು ಮುಂದೆ ಬಂತು. ನಾನು ಎರಡು ಸಲ ಹೋಗಿ ಮೂಲೆಗೆ ಮೀಟರು ಹಿಡಿದು ನೋಡಿದೆ, ಒಣಗುತ್ತಿತ್ತು. ಗೃಹಪ್ರವೇಶದ ದಿನ ಯಜಮಾನರು ಹೊಸ ಸಂಸಾರದವರಿಗೆ ತನಿ ಎರೆಯುವುದು ಹೇಗೆಂದು ಹೇಳಿಕೊಡುತ್ತಿದ್ದರು. ಹಾಲು ಒಂದೇ ಹನಿ, ಜಾಸ್ತಿ ಬ್ಯಾಡ, ಇಂಜಿನಿಯರಮ್ಮ ಬೈತಾರೆ ಎಂದು ನನ್ನ ಕಡೆ ಕಣ್ಣು ಮಿಟುಕಿಸಿದರು.

ಆಮೇಲೆ ಮುಂಗಾರು ಬಂತು. ಮೊದಮೊದಲು ತುಂತುರು. ಒಂದು ರಾತ್ರಿ ಕೇರಳದ ಕಡೆಯಿಂದ ಎದ್ದ ಮೋಡ ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣ ಎಲ್ಲವನ್ನೂ ಸೇರಿಸಿ ಸುರಿಯಿತು. ನಾನು ಎದ್ದು ಕೂತೆ. ಗುಂಡಿ ತೋಡಿಸಿದ್ದು ಒಂದೇ ಕಡೆ, ಇನ್ನೊಂದು ಕಡೆಯೂ ತೋಡಿಸಬೇಕಿತ್ತಾ? ಸರಳು ಎಲ್ಲ ಕಡೆಯೂ ಇಳಿಸಿದೆನಾ? ಮಲಗ್ತೀನಿ ಎಂದು ಸಲೀಸಾಗಿ ಹೇಳಿಬಿಟ್ಟ ಬಾಯಿ ಒಣಗಿ ಹೋಗಿತ್ತು. ಮಳೆ ಹೊಳವಾಗುವವರೆಗೂ ನಮ್ಮ ಮನೆಯ ಗೋಡೆಗೆ ನನಗೇ ಗೊತ್ತಿಲ್ಲದೆ ಅಂಗೈ ಇಟ್ಟುಕೊಂಡು ಕೂತಿದ್ದೆ.

ಬೆಳಕು ಹರಿಯುವುದನ್ನೇ ಕಾದು ನರ್ಸಿಗೆ ಫೋನ್ ಮಾಡಿದೆ. ರಿಂಗ್ ಆಗುತ್ತಲೇ ಇತ್ತು, ಎತ್ತಲಿಲ್ಲ. ಮತ್ತೆ ಮಾಡಿದೆ. ಬಹಳ ಹೊತ್ತಿನ ಮೇಲೆ ಎತ್ತಿದರು. ನಿದ್ದೆಯಿಂದ ಎದ್ದ ದಪ್ಪ ದನಿ. ಬಾಗಿಲು ತೆಗೆದ ಸದ್ದು ಕೇಳಿತು.

"ಮೇಡಂ" ಎಂದರು. "ಅಂಗಳ ಎಲ್ಲ ನೀರು ನಿಂತಿದೆ. ರಾತ್ರಿ ಮಳೆ ಬಂದಿತ್ತಾ?"